ಸೈಡ್ ಎಫೆಕ್ಟ್ ಇಲ್ಲ

ನಮ್ಮ ಭಾವನವರಿಗೆ ಅಚ್ಚುಕಟ್ಟಿನ ಹುಚ್ಚು. ಊಟದ ತಟ್ಟೆಯಿಂದ ಹಿಡಿದು ಬರೆಯುವ ಕಂಪ್ಯೂಟರ್ ಕೋಡಿನವರೆಗೆ ಎಲ್ಲದರಲ್ಲೂ ಅದೇ. ಹೊದಿಕೆಯ ಮಡಿಕೆ ಒಂದು ಚೂರು ಸೊಟ್ಟಗಾದರೂ ಅಕ್ಕನ ಪ್ರಾಣ ತಿನ್ನುತ್ತಿದ್ದರು. ಆಫೀಸಿನಲ್ಲಿ ಅವರ ಪಕ್ಕದ ಮೇಜು ನನ್ನದು. ನಾದಿನಿಯಾದ ತಪ್ಪಿಗೆ ಎರಡೂ ಕಡೆ ಸಿಕ್ಕಿಬೀಳುತ್ತಿದ್ದೆ.

ನಾವು ನೋಡಿಕೊಳ್ಳುತ್ತಿದ್ದದ್ದು ಒಂದು ಆಸ್ಪತ್ರೆಯ ವೆಬ್ ಅಪ್ಲಿಕೇಶನ್. ರೋಗಿಗಳು ಮನೆಯಿಂದಲೇ ಡಾಕ್ಟರ ಸಮಯ ಗೊತ್ತುಮಾಡಿಕೊಳ್ಳುವುದು, ಕಾಯಿಲೆಯ ವಿವರ ತುಂಬುವುದು ಎಲ್ಲ ಅದರಲ್ಲೇ. ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಮಾಡ್ಯೂಲ್, ಅಂದರೆ ಕೋಡಿನ ಒಂದೊಂದು ತುಂಡು. ಎಲ್ಲರ ತುಂಡುಗಳನ್ನೂ ಸೇರಿಸಿ, ಹಿಂಡಿ, ಒಂದೇ ಗಂಟು ಕಟ್ಟಿ ಹೊರಗೆ ಕಳಿಸುವುದು ಬಿಲ್ಡ್ ಟೂಲಿನ ಕೆಲಸ. ನನ್ನ ಮಾಡ್ಯೂಲಿನ ಜೊತೆಗೆ ಆ ಟೂಲನ್ನು ಸಂಭಾಳಿಸುವುದೂ ನನ್ನ ಪಾಡು.

ಭಾವನ ಮಾಡ್ಯೂಲ್, ನೆಟ್‌ವರ್ಕ್ ಕೈಕೊಟ್ಟಾಗ ಅರ್ಧ ತುಂಬಿದ ಫಾರಂ ಅನ್ನು ಹಿಡಿದಿಟ್ಟುಕೊಂಡು ಆಮೇಲೆ ಹಾಗೆಯೇ ವಾಪಸು ಕೊಡುತ್ತಿತ್ತು. ಅದನ್ನು ಯಾರೂ ಕರೆಯಬೇಕಿರಲಿಲ್ಲ. ಪುಟ ತೆರೆದೊಡನೆ ತಾನೇ ಎದ್ದು ಕಾವಲು ಕೂರುತ್ತಿತ್ತು.

ಆ ವರ್ಷ ಕಂಪನಿ ಸೊರಗಿತ್ತು. ನಮ್ಮ ಗುಂಪಿನಿಂದ ಒಬ್ಬರನ್ನು ಕೆಲಸದಿಂದ ಕಳಿಸುತ್ತಾರೆ ಎಂಬ ಮಾತು ಓಡಾಡುತ್ತಿತ್ತು. ಭಾವನಿಗೆ ಐವತ್ತು ದಾಟಿತ್ತು. ಇಲ್ಲಿ ಬಿಟ್ಟರೆ ಇನ್ನೆಲ್ಲೂ ಕರೆಯುವವರಿಲ್ಲ. ಅದು ಅವರಿಗೂ ಗೊತ್ತು, ಅಕ್ಕನಿಗೂ ಗೊತ್ತು. ಮನೆಯಲ್ಲಿ ಮಾತ್ರ ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮ್ಯಾನೇಜರ್ ಮೇಡಂ ಬಿಲ್ಡ್ ಟೂಲ್ ಬರೆದುಕೊಡುವ ನಕ್ಷೆಯನ್ನು ಗೋಡೆಯ ಪರದೆಗೆ ಹಾಕಿದರು. ಗಂಟಿನಲ್ಲಿ ಯಾರ ಮಾಡ್ಯೂಲ್ ಎಷ್ಟು ಜಾಗ ತಿಂದಿದೆ ಎಂಬುದು ಅದರಲ್ಲಿ ಬಣ್ಣದ ಚೌಕಗಳಾಗಿ ಕಾಣುತ್ತದೆ. ಡಾಕ್ಟರ ಸಮಯ ತೋರಿಸುವ ನನ್ನ ಕ್ಯಾಲೆಂಡರ್ ಮಾಡ್ಯೂಲಿನದು ದೊಡ್ಡ ನೀಲಿ ಚೌಕ. ಭಾವನದು ಇರಲೇ ಇಲ್ಲ.

"ನಿಮ್ಮದೆಲ್ಲಿ ಸರ್?" ಎಂದರು ಮೇಡಂ.

ಭಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇರ್ಬೇಕಲ್ಲ ಮೇಡಂ..."

"ಹುಡುಕಿ ಹೇಳಿ."

ಹುಡುಕಿದವಳು ನಾನು. ಅವರ ಮಾಡ್ಯೂಲಿನ ಪರಿಚಯ ಹೇಳುವ ಫೈಲಿನಲ್ಲಿ ಒಂದು ಸಾಲಿತ್ತು: ಸೈಡ್ ಎಫೆಕ್ಟ್ ಇಲ್ಲ. ಅಂದರೆ, ಯಾರೂ ಹೆಸರು ಹಿಡಿದು ಕರೆಯದಿದ್ದರೆ ನನ್ನನ್ನು ಬಿಟ್ಟುಬಿಡಿ, ಏನೂ ಕೆಡುವುದಿಲ್ಲ ಎಂದು ಟೂಲಿಗೆ ಕೊಡುವ ಭರವಸೆ. ನಮ್ಮ ಹಳೆಯ ಟೂಲ್ ಆ ಸಾಲನ್ನು ಓದುತ್ತಲೇ ಇರಲಿಲ್ಲ. ಚಳಿಗಾಲದಲ್ಲಿ ತಂದ ಹೊಸದು ಓದುತ್ತದೆ. ಗಂಟು ಕಟ್ಟುವ ಮೊದಲು ಎಲ್ಲವನ್ನೂ ಚೆನ್ನಾಗಿ ಕೊಡವಿ, ಬೇಡವಾದದ್ದನ್ನು ಉದುರಿಸುತ್ತದೆ. ಭಾವನ ಸ್ವಂತ ಕಂಪ್ಯೂಟರಿನಲ್ಲಿ ಈ ಕೊಡವುವ ಕೆಲಸ ಇಲ್ಲ, ಹಾಗಾಗಿ ಅಲ್ಲಿ ಎಲ್ಲ ಸರಿಯಾಗೇ ಓಡುತ್ತಿತ್ತು.

"ಇದನ್ನ ಯಾಕೆ ಬರೆದ್ರಿ ಭಾವ?"

"ಒಳ್ಳೇ ಮಾತಲ್ವೇನೇ ಅದು? ಸೈಡ್ ಎಫೆಕ್ಟ್ ಇಲ್ಲ ಅಂದ್ರೆ ಶುದ್ಧವಾಗಿದೆ ಅಂತ. ಔಷಧಿ ಡಬ್ಬಿ ಮೇಲೆ ಬರ್ದಿರಲ್ವಾ?"

"ನಿಮ್ಮ ತಲೆ! ಯಾರೂ ಕರೀದೆ ತಾನೇ ಎದ್ದು ಕೆಲಸ ಮಾಡೋದಕ್ಕೇ ಇಲ್ಲಿ ಸೈಡ್ ಎಫೆಕ್ಟ್ ಅನ್ನೋದು. ನಿಮ್ಮ ಮಾಡ್ಯೂಲ್ ಮಾಡೋದೇ ಅದು. ಅದು ಬಿಟ್ರೆ ಅದರಲ್ಲಿ ಇನ್ನೇನಿದೆ?"

ನಗುವೂ ಬಂತು, ಸಿಟ್ಟೂ ಬಂತು. ಅಚ್ಚುಕಟ್ಟು ಅಚ್ಚುಕಟ್ಟು ಅಂತ ಈ ಮಹಾನುಭಾವರು ತಮ್ಮನ್ನೇ ಗುಡಿಸಿ ಹೊರಗೆ ಹಾಕಿಕೊಂಡಿದ್ದರು. ಸಾಲನ್ನು ಅಳಿಸಿ ಮತ್ತೆ ಬಿಲ್ಡ್ ಓಡಿಸಿದೆ. ನಕ್ಷೆಯ ಮೂಲೆಯಲ್ಲಿ ಪುಟ್ಟದೊಂದು ಹಸಿರು ಚೌಕ ಮೂಡಿತು. ಭಾವನ ಮುಖ ಅರಳಿತು. ನನ್ನನ್ನು ಎಳೆದುಕೊಂಡೇ ಮೇಡಂ ಕೋಣೆಗೆ ನಡೆದರು.

ಮೇಡಂ ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಚಳಿಗಾಲದಿಂದ ಇದು ಹೊರಗೆ ಹೋಗೇ ಇಲ್ಲ."

"ಇಲ್ಲ ಮೇಡಂ. ಈಗ ಸರಿಯಾಯ್ತು," ಎಂದರು ಭಾವ ಉತ್ಸಾಹದಿಂದ.

"ಯಾರಾದ್ರೂ ದೂರು ಕೊಟ್ರಾ?"

ಭಾವ ನನ್ನ ಕಡೆ ತಿರುಗಿದರು. ದೂರುಗಳು ಬರುವುದು ನನ್ನ ಬಳಿಗೇ. ಒಂದೂ ಬಂದಿರಲಿಲ್ಲ.

ನಾನು ಬಾಯಿ ಹಾಕಿದೆ. "ಫಾರಂ ಅಳಿಸಿಹೋದ್ರೆ ಜನ ನಮ್ಮನ್ನ ಬೈಯಲ್ಲ ಮೇಡಂ. ತಾವೇ ಏನೋ ತಪ್ಪು ಒತ್ತಿದ್ವಿ ಅಂದ್ಕೊಂಡು ಮೊದಲಿಂದ ತುಂಬ್ತಾರೆ. ಆಗದವರು ಕೈಬಿಡ್ತಾರೆ. ಜ್ವರದಲ್ಲಿ ಕೂತು ಮತ್ತೆ ಮತ್ತೆ ತುಂಬಿದವರು ಎಷ್ಟು ಜನವೋ!"

"ಇರಬಹುದಮ್ಮ. ಆದ್ರೆ ಮೇಲಿನವರಿಗೆ ನಾನು ಏನಂತ ತೋರಿಸ್ಲಿ?"

ಆಕೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಕೇಳಿದ್ದರಲ್ಲಿ ತಪ್ಪು ಹುಡುಕಲು ಮಾತ್ರ ಆಗಲಿಲ್ಲ. ಭಾವ ಅಷ್ಟರಲ್ಲೇ ಎದ್ದು, ಕೂತಿದ್ದ ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿದ್ದರು.

ವಾರದ ಕೊನೆಗೆ ಭಾವನನ್ನು ಕೆಲಸದಿಂದ ಕಳಿಸಿದರು. ನಾನೇ ಜೊತೆಗೆ ಬಸ್ಸಿನಲ್ಲಿ ಮನೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕೂತಿದ್ದರು.

ಅಕ್ಕನಿಗೆ ಫೋನಿನಲ್ಲಿ ಮೊದಲೇ ಹೇಳಿದ್ದೆ. ಅತ್ತು, ಮುಖ ತೊಳೆದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಚಹಾದ ಲೋಟ ಗಂಡನ ಕೈಗಿಟ್ಟು ಪಕ್ಕದಲ್ಲಿ ಕೂತಳು.

"ಹೋಗ್ಲಿ ಬಿಡಿ. ನೀವಿಲ್ದೆ ಅವರಿಗೆ ಒಂದು ದಿನಾನೂ ನಡೆಯಲ್ಲ. ನೋಡ್ತಾ ಇರಿ, ಅವರೇ ಕರೀತಾರೆ."

ಭಾವ ಲೋಟವನ್ನು ಕೆಳಗಿಟ್ಟರು.

"ನಡೆಯುತ್ತೆ ಕಣೇ," ಎಂದರು. "ಚಳಿಗಾಲದಿಂದ ನಡೀತಾನೇ ಇತ್ತು. ನನಗೇ ಗೊತ್ತಾಗಿರ್ಲಿಲ್ಲ."