ಎರಡನೆಯ ಸೌಟು

ನಾನು ಒಂದು ಹಿತ್ತಾಳೆ ಸೌಟು. ನಾಗಮಂಗಲದ ಕುಲುಮೆಯೊಂದರಲ್ಲಿ ಹುಟ್ಟಿದೆ. ನನ್ನನ್ನು ಬಡಿದು ರೂಪ ಕೊಟ್ಟ ಮುದುಕ ಅಳತೆಗೋಲು ಮುಟ್ಟಿದವನಲ್ಲ. ತನ್ನ ಅಂಗೈ ಗುಳಿ ಮಾಡಿ ನೋಡಿಕೊಂಡು, ನನ್ನ ಹೊಟ್ಟೆಯನ್ನೂ ಅಷ್ಟೇ ಮಾಡಿದ. ಹಾಗಾಗಿ ನನ್ನೊಳಗೆ ಎಷ್ಟು ಹಿಡಿಯುತ್ತದೆಂದು ಬಹಳ ಕಾಲ ನನಗೇ ಗೊತ್ತಿರಲಿಲ್ಲ. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಸಂತೆಯಲ್ಲಿ ನನ್ನನ್ನು ಕೊಂಡವಳು ಮಂಡ್ಯದ ನಿಂಗಮ್ಮ. ಆಕೆಯ ಕೈ ಸೋತ ಮೇಲೆ ಸೊಸೆ ಪುಟ್ಟನಂಜಮ್ಮನ ಕೈಗೆ ಬಂದೆ. ಕೈ ಬದಲಾದರೂ ಬಡಿಸುವ ಕ್ರಮ ಬದಲಾಗಲಿಲ್ಲ. ಆ ಮನೆಯಲ್ಲಿ ಯಾರಿಗೂ ಒಂಟಿ ಸೌಟು ಬಡಿಸುತ್ತಿರಲಿಲ್ಲ. ಮೊದಲು ತುಂಬ ಒಂದು, ಉಣ್ಣುವವರು ಸಾಕು ಸಾಕು ಎನ್ನುವಷ್ಟರಲ್ಲಿ ಇನ್ನೊಂದು. "ಒಂದೇ ಬಡ್ಸೋದು ಆಗ್ದೋರ್ಗೆ ಕಣವ್ವ" ಎಂದು ನಿಂಗಮ್ಮ ಸೊಸೆಗೆ ಹೇಳಿಕೊಟ್ಟಿದ್ದಳು. ಆ ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎಷ್ಟು ಬಡಿಸಿದೆ ಎಂದು ಕೇಳಿದರೆ "ಒಂದ್ ಸೌಟು" ಎನ್ನುವುದೇ ರೂಢಿ. ಅನ್ನ ಬಡಿಸುವ ಚಮಚದ್ದೂ ಇದೇ ಕಥೆ.

ಪುಟ್ಟನಂಜಮ್ಮನ ಮಗ ಯೋಗೇಶ ಮೊಬೈಲ್ ಅಂಗಡಿ ಇಟ್ಟವನು. ಅವನ ಹೆಂಡತಿ ರಂಜಿತಾ ಹೆರಿಗೆಯಾದ ಮೇಲೆ ಸ್ವಲ್ಪ ದಪ್ಪಗಾಗಿದ್ದಳು. ಯಾರದೋ ಗೃಹಪ್ರವೇಶದಲ್ಲಿ ಒಬ್ಬ ಬಾಯಿಬಡುಕ "ಇವ್ರು ನಿಮ್ಮಕ್ಕನಾ?" ಎಂದು ಅವನನ್ನು ಕೇಳಿದನಂತೆ. ಮನೆಗೆ ಬಂದವನೇ ಹೆಂಡತಿಯ ಊಟವನ್ನೆಲ್ಲ ಬರೆದಿಡುವ ಆ್ಯಪ್ ಒಂದನ್ನು ತನ್ನ ಫೋನಿಗೆ ಹಾಕಿಕೊಂಡ. ತನ್ನ ಹೊಟ್ಟೆ ಬೆಲ್ಟಿನ ಮೇಲೆ ಜೋತುಬಿದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ.

ಆ ಫೋನಿಗೆ ಪಿಜ್ಜಾ ಗೊತ್ತಿತ್ತು, ನಮ್ಮ ಹಿದುಕಿದಬೇಳೆ ಸಾರು ಗೊತ್ತಿರಲಿಲ್ಲ. ಹೊಸ ಅಡುಗೆ ಸೇರಿಸು ಎಂದಿತು, ಒಂದು ಸರ್ವಿಂಗ್ ಅಂದರೆ ಎಷ್ಟು ಎಂದು ಕೇಳಿತು. ಯೋಗೇಶ ಪುಟ್ಟ ತಕ್ಕಡಿ ತಂದು ನನ್ನನ್ನು ಸಾರಿನಲ್ಲಿ ಅದ್ದಿ ತೂಗಿದ. "ಅಮ್ಮ, ಅವ್ಳಿಗೆ ಎಷ್ಟ್ ಸೌಟು ಹಾಕ್ತೀಯ?" ಎಂದ. "ಇನ್ನೆಷ್ಟು, ಒಂದ್ ಸೌಟು" ಎಂದಳು ಪುಟ್ಟನಂಜಮ್ಮ. ಆಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಬಸ್ಸಾರು, ಉಪ್ಸಾರು, ಅನ್ನ, ಎಲ್ಲಕ್ಕೂ ಹೀಗೆಯೇ ಒಂದೊಂದು ಸರ್ವಿಂಗ್ ಎಂದು ಬರೆದುಕೊಂಡ.

ರಂಜಿತಾ ಬಾಯಿ ಕಟ್ಟಿದಳು. ಕಜ್ಜಾಯ ಮುಟ್ಟಲಿಲ್ಲ, ಕಾಫಿಗೆ ಸಕ್ಕರೆ ಬಿಟ್ಟಳು. ಅತ್ತೆ ಬಡಿಸಿದ್ದನ್ನಷ್ಟೇ ಉಂಡಳು. ತೂಕ ಮಾತ್ರ ಜಗ್ಗಲಿಲ್ಲ. ಯೋಗೇಶನಿಗೆ ಹೊಳೆದದ್ದು ಒಂದೇ.

"ಫೋನ್ ಸುಳ್ಳು ಹೇಳಲ್ಲ. ಕದ್ದು ತಿಂತಿದ್ದೀಯ."

"ದೇವ್ರಾಣೆಗೂ ಇಲ್ಲ ರೀ. ಅತ್ತೇನೇ ಕೇಳಿ."

ರಂಜಿತಾ ಅತ್ತೆಯ ಮುಖ ನೋಡಿದಳು. ಪುಟ್ಟನಂಜಮ್ಮನಿಗೆ ಆ ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು. ನನ್ನ ಹಿಡಿ ಅವಳ ಮುಷ್ಟಿಯಲ್ಲಿತ್ತು, ಆ ಕೈ ಬೆವರಿದ್ದು ನನಗೆ ತಿಳಿಯಿತು. ಎರಡನೆಯ ಸೌಟು ನಾನೇ ಹಾಕಿದ್ದು ಎಂದು ಅವಳು ಹೇಳಿದ್ದರೆ ಸೊಸೆಯ ಮಾನ ಉಳಿಯುತ್ತಿತ್ತು. ಮಗನ ಕೋಪಕ್ಕೆ ಹೆದರಿ ಒಲೆಯ ಕಡೆ ತಿರುಗಿದಳು. ಯೋಗೇಶ ತಿಂಡಿ ಬೀರುವಿಗೆ ಬೀಗ ಜಡಿದು ಕೀಲಿಯನ್ನು ತಾಯಿಗೆ ಕೊಟ್ಟ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನದಿಂದ ಅವಳು ಸೊಸೆಗೆ ಒಂದೇ ಸೌಟು ಬಡಿಸತೊಡಗಿದಳು. ಹಾಗಾದರೂ ತೂಕ ಇಳಿದು ಜಗಳ ನಿಲ್ಲಲಿ ಎಂಬುದು ಅವಳ ಲೆಕ್ಕ. ತೂಕ ಇಳಿಯಿತು ಕೂಡ. ಯೋಗೇಶ ಗೆದ್ದವನ ಹಾಗೆ ಬೀಗಿದ. "ನೋಡ್ದಾ ಅಮ್ಮ? ಬೀಗ ಹಾಕಿದ್ಮೇಲೆ ಇಳೀತು. ಕಳ್ಳಿ ಅಂತ ನಾನು ಸುಮ್ನೆ ಹೇಳಿದ್ನಾ?" ಹೆಂಡತಿಯ ತವರಿಗೂ ಫೋನು ಮಾಡಿ ಅದನ್ನೇ ಹೇಳಿದ. ಮಗಳಿಗೆ ಬುದ್ಧಿ ಹೇಳುತ್ತೇವೆ ಎಂದರು ಅವರು.

ಅಂದು ಮಧ್ಯಾಹ್ನ ಯೋಗೇಶ ಅಂಗಡಿಯಲ್ಲಿದ್ದಾಗ ಪುಟ್ಟನಂಜಮ್ಮ ತಡೆಯಲಾರದೆ ನನ್ನನ್ನು ಮತ್ತೊಮ್ಮೆ ತುಂಬಿ ತಂದಳು. "ಉಣ್ಣು ಮಗ, ಯಾರೂ ಇಲ್ಲ" ಎಂದಳು. ಸೌಟು ಒಂದಕ್ಕಿಳಿದಾಗಲೇ ರಂಜಿತಾಳಿಗೂ ಲೆಕ್ಕ ಹೊಳೆದಿತ್ತು. ತಟ್ಟೆಗೆ ಅಂಗೈ ಅಡ್ಡ ಹಿಡಿದಳು.

"ಬ್ಯಾಡ ಅತ್ತೆ. ಹಾಕೋದಾದ್ರೆ ಅವ್ರೆದುರ್ಗೆ ಹಾಕಿ."

ರಾತ್ರಿ ಮೂವರೂ ಊಟಕ್ಕೆ ಕುಳಿತರು. ಪುಟ್ಟನಂಜಮ್ಮ ಸೊಸೆಗೆ ಒಂದು ಸೌಟು ಬಡಿಸಿದಳು. ಮತ್ತೆ ನನ್ನನ್ನು ಪಾತ್ರೆಗೆ ಅದ್ದಿ, ತುಂಬಿಸಿ, ರಂಜಿತಾಳ ತಟ್ಟೆಯ ಮೇಲಕ್ಕೆ ತಂದಳು. ರಂಜಿತಾ ಈ ಸಲ ಅಂಗೈ ಅಡ್ಡ ಇಡಲಿಲ್ಲ, ಕಾದಳು. ಬಾಗು, ಬಾಗು ಎಂದು ನಾನೂ ಬೇಡಿಕೊಂಡೆ. ಯೋಗೇಶ ತಲೆಯೆತ್ತಿ "ಏನಮ್ಮ ಅದು?" ಎಂದ.

"ನಿಂಗೇ ಕಣಪ್ಪ" ಎಂದು ಅವಳು ನನ್ನನ್ನು ಮಗನ ತಟ್ಟೆಗೆ ಬಗ್ಗಿಸಿದಳು.

ಆಮೇಲೆ ನನಗೆ ಕಲಾಯಿ ಹಾಕಿಸುವವರಿಲ್ಲವಾಯಿತು. ಕಿಲುಬು ಬಿಡುತ್ತದೆಂದು ಅಡುಗೆಮನೆಯ ಮೊಳೆಗೆ ನೇತುಹಾಕಿದರು. ರಂಜಿತಾ ಈಗ ಸೊರಗಿದ್ದಾಳೆ, ತನಗೆ ಬೇಕಾದಷ್ಟನ್ನು ತಾನೇ ಬಡಿಸಿಕೊಳ್ಳುತ್ತಾಳೆ. ಅತ್ತೆಯ ಕೈಯಿಂದ ಏನನ್ನೂ ಹಾಕಿಸಿಕೊಳ್ಳುವುದಿಲ್ಲ. ಮನೆಗೆ ಬಂದವರು ಮಾತ್ರ ಪುಟ್ಟನಂಜಮ್ಮನ ಬಡಿಸುವ ಕೈಯನ್ನು ಈಗಲೂ ಹೊಗಳುತ್ತಾರೆ. ಮೊಳೆಯ ಮೇಲಿಂದ ಕೇಳಿಸಿಕೊಳ್ಳುತ್ತೇನೆ. ಆ ಕೈ ಆ ರಾತ್ರಿ ಯಾವ ಕಡೆ ತಿರುಗಿತೆಂದು ನಾನು ಮರೆತಿಲ್ಲ. ರಂಜಿತಾಳೂ ಮರೆತಿಲ್ಲ.