ಕ್ಲೆಮೆಂಟನಿಗೆ ಹೇಳದ ಸುದ್ದಿ

ಸತ್ತ ಅಣ್ಣನಿಗೆಂದು ತೋಡುತ್ತಿದ್ದ ಎದೆಮಟ್ಟದ ಗುಂಡಿಯಲ್ಲಿ ನಿಂತು ಸೈರಿಲ್ ಹಾರೆ ಎತ್ತಿ ಹಾಕುತ್ತಲೇ ಇದ್ದ. ಚಳಿಗೆ ಹೆಪ್ಪುಗಟ್ಟಿದ ನೆಲವನ್ನು ಎರಡು ದಿನ ಸೌದೆ ಉರಿಸಿ ಕಾಯಿಸಿದರೂ ಮೇಲಿನ ಮೂರಡಿ ಮಣ್ಣು ಮಾತ್ರ ಮೆತ್ತಗಾಗಿತ್ತು. ಅದರ ಕೆಳಗೆ ನೆಲ ಕಬ್ಬಿಣದ ಹಾಗಿತ್ತು.

“ಸಾಕು, ಮೇಲೆ ಬಾ ಮಾರಾಯ,” ಎಂದ ಪರ್ಸಿ. ಗುಂಡಿ ತೋಡಲು ಊರು ಗೊತ್ತುಮಾಡಿದ್ದು ಅವನನ್ನು. “ಒಡಹುಟ್ಟಿದವರು ತೋಡಬಾರ್ದು. ಹಿರಿಯರು ಬೈತಾರೆ.”

“ಯಾವ ಹಿರಿಯರು? ಈ ಊರಲ್ಲಿ ಈಗ ನನಗಿಂತ ಹಿರಿಯ ಯಾರಿದ್ದಾನೆ?” ಸೈರಿಲ್ ಮೂಗೊರೆಸಿಕೊಂಡ. “ಅಲ್ದೆ, ನಾನು ತಮ್ಮ ಅಂತ ಅವನು ಒಪ್ಕೊಂಡಿದ್ರೆ ತಾನೆ? ನಲವತ್ತೆರಡು ವರ್ಷ ನನ್ನ ಮುಖ ನೋಡಿ ಥೂ ಅಂತ್ಲೂ ಅನ್ಲಿಲ್ಲ.”

ಪರ್ಸಿಗೆ ನಗು ಬಂತು. ಸೈರಿಲ್ ನಗದಿದ್ದುದನ್ನು ನೋಡಿ ನುಂಗಿಕೊಂಡ. ಕೆಳಗೆ ಯೂಕಾನ್ ನದಿ ದಡದಿಂದ ದಡಕ್ಕೆ ಬೆಳ್ಳಗೆ ಹೆಪ್ಪುಗಟ್ಟಿ ಮಲಗಿತ್ತು.

ಸಮುದಾಯ ಭವನದಲ್ಲಿ ಪೈನ್ ಹಲಗೆಯ ಪೆಟ್ಟಿಗೆಯ ಪಕ್ಕ ಕ್ಲೆಮೆಂಟನ ಹಳೆಯ ಫೋಟೊ ಇಟ್ಟಿದ್ದರು. ತೋಳದ ತುಪ್ಪಳದ ಟೋಪಿ, ಗಡ್ಡದಲ್ಲಿ ಹಿಮ, ಮುಂದೆ ಬೂದುಬಣ್ಣದ ನಾಯಿ. ಹಿಂದಿನ ಕೋಣೆಯಲ್ಲಿ ಹೆಂಗಸರು ಮೂಸ್ ಜಿಂಕೆಯ ಮಾಂಸ ಕೊಚ್ಚುತ್ತಿದ್ದರು. ಸುಮ್ಮನೆ ಕೂರು ಎಂದರೂ ಕೇಳದೆ ಕ್ಲೆಮೆಂಟನ ಹೆಂಡತಿ ಹಿಲ್ಡಾ ಕೂಡ ಚಾಕು ಹಿಡಿದಿದ್ದಳು.

“ಸಾವಿರ ಮೈಲಿಯ ನಾಯಿಬಂಡಿ ಓಟದಲ್ಲಿ ಮೂರನೆಯವನು!” ಎಂದಳು ನೆರೆಮನೆಯ ಜೋಸಿ. “ನಮ್ಮೂರಿಂದ ಇನ್ಯಾವನು ಹೋದ? ನಮ್ಮ ಗಂಡಸರಿಗೆ ಕಕ್ಕಸಿಗೆ ಹೋಗೋಕೂ ಹಿಮದ ಬೈಕೇ ಬೇಕು.”

ಹೆಂಗಸರು ನಕ್ಕರು. ಜೋಸಿ ದನಿ ತಗ್ಗಿಸಿದಳು. “ಅಂಥವನಿಗೆ ಮಗು ಸತ್ತ ಸುದ್ದಿ ಮುಚ್ಚಿಟ್ಟ ಪಾಪಿ, ಇವತ್ತು ಬಂದು ಗುಂಡಿ ತೋಡ್ತಿದ್ದಾನಂತೆ. ಎಂಥ ಎದೆ ನೋಡೇ ಹಿಲ್ಡಾ!”

ಹಿಲ್ಡಾ ಇನ್ನೊಂದು ತುಂಡು ಎಳೆದುಕೊಂಡಳು. ಚಾಕು ಹಲಗೆಗೆ ಬಡಿಯುವ ಸದ್ದು ಹಾಗೇ ನಡೆದಿತ್ತು.

* * *

ನಲವತ್ತೆರಡು ವರ್ಷದ ಹಿಂದಿನ ಆ ಓಟದಲ್ಲಿ ಕ್ಲೆಮೆಂಟ್ ಸಮುದ್ರತೀರದ ತಂಗುದಾಣ ಮುಟ್ಟಿದಾಗ ನಡುಮಧ್ಯಾಹ್ನ. ಎಂಟುನೂರು ಮೈಲಿ ಹಿಂದಾಗಿತ್ತು. ಅವನ ಮುಂದೆ ಒಂದೇ ಒಂದು ಬಂಡಿಯಿತ್ತು. ಕಾಲು ಸೋತ ಐದು ನಾಯಿಗಳನ್ನು ದಾರಿಯಲ್ಲಿ ಬಿಟ್ಟು, ಉಳಿದ ಒಂಬತ್ತರೊಂದಿಗೆ ಬಂದಿದ್ದ. ಎಲ್ಲಕ್ಕೂ ಮುಂದೆ ಓಡುವುದು ಬಟನ್. ಆ ಹೆಸರಿಟ್ಟವಳು ಅವನ ಆರು ವರ್ಷದ ಮಗಳು ಡೋರಾ. ಮರಿಯ ಮೂಗು ಅಪ್ಪನ ಕೋಟಿನ ಬಟನ್ನಿನ ಹಾಗಿದೆ ಎಂದಿದ್ದಳು.

ಅವನು ಮಂಡಿಯೂರಿ ಒಂದೊಂದು ನಾಯಿಯ ಪಾದದ ಬಟ್ಟೆಚೀಲ ಬಿಚ್ಚಿದ. ಬೆರಳ ಸಂದಿಗೆ ಮುಲಾಮು ತಿಕ್ಕಿದ. ಮೀನಿನ ಗಂಜಿ ಬಡಿಸಿದ. ಅವು ತಿಂದು ಸುರುಳಿಯಾಗಿ ಮಲಗಿದ ಮೇಲೆಯೇ ಗುಡಿಸಿಲಿನೊಳಗೆ ಹೋದ. ತಂಗುದಾಣದ ಹೆಂಗಸು ಚಹಾ ಕೊಟ್ಟಳು. ಕೇಳದೆಯೇ ನಾಲ್ಕು ಚಮಚ ಸಕ್ಕರೆ ಹಾಕಿದ್ದಳು.

“ಏನಕ್ಕಾ, ಸತ್ತವನನ್ನ ನೋಡೋ ಥರ ನೋಡ್ತಿದೀಯಲ್ಲ?”

“ಏನಿಲ್ಲಪ್ಪ. ಕೆನ್ನೆ ಹಿಮಕ್ಕೆ ಸುಟ್ಟಿದೆ ನಿಂದು.”

“ಊರಿಂದ ರೇಡಿಯೊದಲ್ಲಿ ಏನಾದ್ರೂ ಬಂತಾ?”

ಅವಳು ಒಲೆಯ ಕಡೆ ತಿರುಗಿದಳು. “ಚೆನ್ನಾಗಿ ಓಡು ಅಂದ್ರು.”

ಅವನು ಎರಡು ಗಂಟೆ ಮಲಗೆದ್ದು ಹೊರಟ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಗಾಳಿ ಬಂಡಿಯನ್ನು ಅಡ್ಡಡ್ಡ ನೂಕುತ್ತಿತ್ತು. ಗುರುತಿನ ಕೋಲುಗಳು ಕಾಣುತ್ತಿರಲಿಲ್ಲ. ನಿದ್ದೆ ತಡೆಯಲು ಅವನು ಮಗಳ ಜೊತೆ ಗಟ್ಟಿಯಾಗಿ ಮಾತಾಡಿದ. “ಡೋರಾ!” ಎಂದೊಡನೆ ಬಟನ್ನಿನ ಕಿವಿಗಳು ನಿಮಿರಿದವು. ಹಗ್ಗ ಬಿಗಿಯಿತು. ಒಂಬತ್ತೂ ನಾಯಿಗಳು ಹೊಸದಾಗಿ ಎಳೆಯತೊಡಗಿದವು. ನಾಯಿಗಳು ಸೋತಾಗಲೆಲ್ಲ ಅವನು ಮತ್ತೆ ಕೂಗಿದ. ಹಾಗೆ ಇನ್ನೂರು ಮೈಲಿ ಉದ್ದಕ್ಕೂ ಆ ಹೆಸರು ಕೂಗುತ್ತಲೇ ಹೋದ. ಕೊನೆಯ ಹತ್ತು ಮೈಲಿಯಲ್ಲಿ ಒಬ್ಬ ಅವನನ್ನು ಹಿಂದೆ ಹಾಕಿದ.

ಊರಿನ ವಿಮಾನಪಟ್ಟಿಯಲ್ಲಿ ಅವನನ್ನು ಎದುರುಗೊಳ್ಳಲು ಬಂದದ್ದು ಸೈರಿಲ್ ಒಬ್ಬನೇ. ಅವನು ಹೇಳಿದ್ದನ್ನು ಕೇಳಿ ಕ್ಲೆಮೆಂಟ್ ಓಟದಲ್ಲಿ ಸಿಕ್ಕ ಬಹುಮಾನದ ಕಪ್ಪನ್ನು ಕೆಳಗಿಟ್ಟ.

“ಮಣ್ಣು ಮಾಡಿ ಆಯ್ತಾ?”

“ನಾಲ್ಕು ದಿನ ಆಯ್ತು. ಪಾದ್ರಿ ವಾಪಸ್ಸು ಹೋಗೋದಿತ್ತು.”

“ನನಗೆ ಹೇಳ್ಬೇಡಿ ಅಂದೋರು ಯಾರು?”

“ನಾನೇ,” ಎಂದ ಸೈರಿಲ್.

ಕ್ಲೆಮೆಂಟನ ಏಟಿಗೆ ಅವನ ಎರಡು ಹಲ್ಲು ಹೋದವು. ಆ ಬೇಸಿಗೆಯಲ್ಲಿ ಕ್ಲೆಮೆಂಟ್ ನಾಯಿಗಳನ್ನೆಲ್ಲ ಬೇರೆ ಊರಿನವರಿಗೆ ಕೊಟ್ಟುಬಿಟ್ಟ. ಆಮೇಲೆ ಅವನು ಬಂಡಿ ಹೂಡಲಿಲ್ಲ. ಮೀನು ಹಿಡಿದ, ಸೌದೆ ಕಡಿದ, ಶಾಲೆಯ ಬಾಯ್ಲರ್ ನೋಡಿಕೊಂಡ.

* * *

ಸುದ್ದಿ ಮುಚ್ಚಿಡು ಎಂದು ಸೈರಿಲ್‌ಗೆ ಹೇಳಿದವಳು ಹಿಲ್ಡಾ.

ಊರಿಗಿದ್ದ ಒಂದೇ ರೇಡಿಯೊ ಶಾಲೆಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಸೈರಿಲ್. ಮಗು ತೀರಿಹೋದ ಬೆಳಿಗ್ಗೆ ಅವಳು ಟೋಪಿಯಿಲ್ಲದೆ ಅಲ್ಲಿಗೆ ಓಡಿಬಂದಿದ್ದಳು.

“ಅತ್ತಿಗೆ, ಅಣ್ಣನಿಗೆ ಹೇಳ್ತೀನಿ. ವಿಮಾನ ತಡೆದಿದ್ದ ಮಂಜು ಚದುರಿದೆ. ಅವನಿದ್ದಲ್ಲಿಗೇ ವಿಮಾನ ಕಳಿಸ್ತಾರಂತೆ.”

“ಬೇಡ.”

“ಮಣ್ಣಿಗಾದ್ರೂ ಅವನು ಬರೋದು ಬೇಡ್ವಾ?”

“ಬಂದು ಏನು ಕೇಳ್ತಾನೆ ಗೊತ್ತಾ? ಮೊದಲನೇ ದಿನವೇ ಮಗೂನ ಆಸ್ಪತ್ರೆಗೆ ಒಯ್ಯೋಕೆ ವಿಮಾನ ಯಾಕೆ ಕರೀಲಿಲ್ಲ ಅಂತ ಕೇಳ್ತಾನೆ. ಬರೀ ಕೆಮ್ಮು ಅಂದ್ಕೊಂಡೆ ಕಣೋ. ಆವತ್ತು ಆಕಾಶ ತಿಳಿಯಾಗಿತ್ತು ಸೈರಿಲ್, ಗಾಜಿನ ಹಾಗೆ ತಿಳಿಯಾಗಿತ್ತು.” ಅವಳು ಅವನ ತೋಳು ಹಿಡಿದುಕೊಂಡಳು. “ಓಟ ಮುಗೀಲಿ. ನಾನು ಬೇಡ ಅಂದೆ ಅಂತ ಮಾತ್ರ ಹೇಳ್ಬೇಡ. ಯಾವತ್ತೂ ಹೇಳ್ಬೇಡ.”

ಸೈರಿಲ್ ತಂಗುದಾಣಕ್ಕೆ ಕರೆ ಮಾಡಿ, ಹೇಳಬೇಡಿ ಎಂದ.

* * *

ಪೆಟ್ಟಿಗೆ ಇಳಿಸಿ ಮಣ್ಣು ಮುಚ್ಚಿದ್ದಾಯಿತು. ಜನ ಒಬ್ಬೊಬ್ಬರಾಗಿ ದಿಬ್ಬ ಇಳಿದು ಭವನದ ಕಡೆ ಹೊರಟರು. ಸೈರಿಲ್ ಸಲಿಕೆಯ ಬೆನ್ನಿನಿಂದ ಮಣ್ಣು ತಟ್ಟುತ್ತಾ ಉಳಿದ. ಹಿಲ್ಡಾ ಅವನ ಹತ್ತಿರ ಬಂದು ಬೀವರ್ ತುಪ್ಪಳದ ಕೈಗವಸು ಚಾಚಿದಳು. ಗುಂಡಿ ತೋಡಿದವರಿಗೆ ಸತ್ತವರ ಮನೆಯಿಂದ ಏನಾದರೂ ಕೊಡಬೇಕು.

“ನನಗೆ ಬೇಡ. ಪರ್ಸಿಗೆ ಕೊಡು.”

“ಸೈರಿಲ್, ಇವತ್ತು ಊಟಕ್ಕೆ ಮುಂಚೆ ಎಲ್ಲರ ಮುಂದೆ ಹೇಳ್ಬಿಡ್ತೀನಿ, ಬೇಡ ಅಂದವಳು ನಾನು ಅಂತ. ಅವನಿದ್ದಾಗ ಧೈರ್ಯ ಬರ್ಲಿಲ್ಲ.”

“ಹೇಳು. ಯಾರಿಗೆ ಹೇಳ್ತೀಯ? ಅವನಿಗಂತೂ ಗೊತ್ತಿತ್ತು.”

ಅವಳ ಚಾಚಿದ ಕೈ ಹಾಗೇ ನಿಂತಿತು.

“ಡೋರಾ ಹೋದ ಮೂರನೇ ಬೇಸಿಗೇಲಿ ಕುಡಿದು ಅವನ ಮೀನಿನ ಗುಡಾರಕ್ಕೆ ಹೋದೆ. ತಡೆಯೋಕಾಗ್ಲಿಲ್ಲ, ಎಲ್ಲಾ ಹೇಳ್ಬಿಟ್ಟೆ. ಆ ಮೊದಲನೇ ದಿನದ ಆಕಾಶದ ವಿಷಯಾನೂ ಹೇಳಿದೆ.” ಸೈರಿಲ್ ಸಲಿಕೆಗೆ ಒರಗಿದ. “ಅವನು ಬಲೆ ಹೊಲೀತಾನೇ ಇದ್ದ. ಆಮೇಲೆ ಅಂದ, ‘ಯಾರ ಮೇಲಾದ್ರೂ ಸಿಟ್ಟು ಇಟ್ಕೊಳ್ದೆ ನನಗೆ ಬದುಕೋಕಾಗಲ್ಲ. ಅವಳ ಜೊತೆ ದಿನಾ ಒಂದೇ ಒಲೆ ಮುಂದೆ ಕೂರ್ಬೇಕು. ನೀನು ಊರಿನ ಆ ತುದೀಲಿದ್ದೀಯ. ನೀನೇ ಆಗಿರು.’ ಸರಿ ಅಂದೆ. ಒಂದೆರಡು ವರ್ಷ ಅಂದ್ಕೊಂಡಿದ್ದೆ.”

“ನನಗೆ ಒಂದು ಮಾತೂ ಹೇಳ್ಲಿಲ್ಲ ಅವನು.”

“ಅದಕ್ಕೇ ಅಲ್ವಾ ನಾನಿದ್ದದ್ದು?”

ಸೈರಿಲ್ ಸಲಿಕೆಯನ್ನು ಹೆಗಲಿಗೇರಿಸಿ, ಭವನದ ದಾರಿ ಬಿಟ್ಟು, ನದಿಯಂಚಿನಿಂದ ತನ್ನ ಮನೆಯ ಕಡೆ ನಡೆದ.

ಹಿಲ್ಡಾಗೆ ಆ ಬೇಸಿಗೆ ನೆನಪಿತ್ತು. ಗುಡಾರದಿಂದ ಬಂದ ಮೇಲೆ ಕ್ಲೆಮೆಂಟ್ ತನ್ನ ಚಹಾ ತಾನೇ ಮಾಡಿಕೊಳ್ಳತೊಡಗಿದ್ದ. ಅವಳು ಮಾಡಿಕೊಟ್ಟದ್ದನ್ನು ಮತ್ತೆಂದೂ ಕುಡಿದಿರಲಿಲ್ಲ. ನನ್ನ ಗಂಡ ನನಗೆ ಎಷ್ಟು ಕೆಲಸ ಹಗುರ ಮಾಡ್ತಾನೆ ನೋಡಿ ಎಂದು ಅವಳು ಊರೆಲ್ಲ ಹೊಗಳಿಕೊಂಡಿದ್ದಳು.

ಭವನದ ಹೊರಗೆ ಬೆಂಕಿ ಹಾಕಿದ್ದರು. ಸತ್ತವನಿಗೆ ಎಡೆ ಅಲ್ಲೇ ಸುಡಬೇಕು, ಮೊದಲು ಹೆಂಡತಿ, ಆಮೇಲೆ ಉಳಿದವರು. ಜೋಸಿ ತಂದುಕೊಟ್ಟ ತಟ್ಟೆಯಲ್ಲಿ ಅವಳೇ ಕೊಚ್ಚಿದ ಮೂಸ್ ಮಾಂಸದ ಸಾರು, ಒಣಗಿಸಿದ ಸಾಲ್ಮನ್ ಮೀನು, ಬೆರಿಹಣ್ಣು ಇದ್ದವು. ಹಿಲ್ಡಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಂಕಿಯ ಮುಂದೆ ನಿಂತಳು.

“ಹಾಕು ಹಿಲ್ಡಾ,” ಎಂದಳು ಜೋಸಿ ಮೆಲ್ಲಗೆ. “ಅವನು ಹಸಿದಿರ್ತಾನೆ.”

ಹಿಲ್ಡಾ ಅಲ್ಲಾಡಲಿಲ್ಲ. ಅವಳ ಹಿಂದೆ ಇಡೀ ಊರು ತಂತಮ್ಮ ತಟ್ಟೆ ಹಿಡಿದು ಕಾಯುತ್ತಿತ್ತು. ಸಾರಿನ ಆವಿ ನಿಂತಿತು. ಮೇಲೆ ತೇಲುತ್ತಿದ್ದ ಕೊಬ್ಬು ತಟ್ಟೆಯ ಅಂಚಿನಿಂದ ನಡುವಿನವರೆಗೆ ಮೆಲ್ಲಮೆಲ್ಲಗೆ ಬೆಳ್ಳಗೆ ಹೆಪ್ಪುಗಟ್ಟುತ್ತಾ ಬಂತು.