ಹತ್ತುವುದನ್ನು ಮರೆತವನು

ಬೆಟ್ಟ ಹತ್ತಬೇಕಾದದ್ದು ಭಾನುವಾರ. ಗಾಜಿನವನು ಮಾತ್ರ ಶನಿವಾರ ಮಧ್ಯಾಹ್ನದಿಂದಲೇ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ಅಡುಗೆಮನೆಯಿಂದ ಬಾಲ್ಕನಿಯ ಬಾಗಿಲಿಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ. ನಡುವೆ ಚೀಲ ಬಿಚ್ಚಿ ನೀರಿನ ಬಾಟಲಿ ಹೊರಗಿಡುವುದು, ಏನೋ ನೆನಪಾದವನಂತೆ ಪುನಃ ಒಳಗಿಡುವುದು. ಸೋಫಾದ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

“ರೀ, ಹೀಗೇ ಓಡಾಡ್ತಿದ್ರೆ ಬೆಟ್ಟಾನ ಇಲ್ಲೇ ಹತ್ತಿ ಮುಗಿಸ್ತೀರಿ” ಎಂದಳು.

ಗಾಜಿನವನು ಎಂದರೆ ಎತ್ತರದ ಕಟ್ಟಡಗಳ ಗಾಜು ಒರೆಸುವವನು. ಹಗ್ಗಕ್ಕೆ ಜೋತುಬಿದ್ದು, ಸೊಂಟಕ್ಕೆ ಬಕೆಟ್ಟು ಸಿಕ್ಕಿಸಿಕೊಂಡು, ಒಂದೊಂದೇ ಮಹಡಿ ಇಳಿಯುವುದು ಅವನ ಕೆಲಸ. ಊರಿನ ಒಳ್ಳೊಳ್ಳೆಯ ನೋಟಗಳೆಲ್ಲ ಅವನ ಬೆನ್ನ ಹಿಂದೆಯೇ ಉಳಿದವು. ಅವನು ಕಂಡದ್ದು ಗಾಜಿನಲ್ಲಿ ತನ್ನ ಮುಖ, ಗಾಜಿನಾಚೆ ಮೀಟಿಂಗಿನಲ್ಲಿ ಆಕಳಿಸುವವರ ಮುಖ. ಪಕ್ಕದ ಹಗ್ಗದಲ್ಲಿ ಯಾವಾಗಲೂ ಗಂಟಣ್ಣ. ಕಟ್ಟಿದ ಗಂಟನ್ನು ಮುಟ್ಟಿ ಮುಟ್ಟಿ ನೋಡದೆ ಹೆಜ್ಜೆ ಇಡದ ಆಸಾಮಿ, ಅದಕ್ಕೇ ಆ ಹೆಸರು. ಇಬ್ಬರದೂ ಮದುವೆಗೆ ಮುಂಚಿನ ಸ್ನೇಹ.

ಹೋದ ಚಳಿಗಾಲದಲ್ಲಿ ಒಂದು ದಿನ ಗಾಜಿನವನ ಹಗ್ಗ ಜಾರಿತು. ಒಂದು ಮಹಡಿಯಷ್ಟು ಕೆಳಗೆ ದಢಕ್ಕನೆ ಬಿದ್ದ. ಕಾವಲಿಗೆಂದು ಕಟ್ಟಿದ್ದ ಎರಡನೆಯ ಹಗ್ಗ ಹಿಡಿದುಕೊಂಡಿತು. ಮೈಗೆ ಗೀರೂ ಆಗಲಿಲ್ಲ. ಅಂದಿನಿಂದ ಮಾತ್ರ ಕೆಲಸದ ಕಡೆ ತಲೆ ಹಾಕಿರಲಿಲ್ಲ. ಕೇಳಿದವರಿಗೆಲ್ಲ ಸೊಂಟನೋವು ಎನ್ನುತ್ತಿದ್ದ. ಸೊಂಟ ಗಟ್ಟಿಮುಟ್ಟಾಗಿಯೇ ಇತ್ತು. ಬಾಲ್ಕನಿಯ ಬಾಗಿಲು ದಾಟಿ ಕಂಬಿ ಹಿಡಿದರೆ ಸಾಕು, ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಸರಿಯುತ್ತಿದ್ದ.

ಸೋಮವಾರ ಬರದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಮೇಸ್ತ್ರಿ ಹೇಳಿಕಳಿಸಿದ್ದ. ಅದಕ್ಕೇ ಈ ಬೆಟ್ಟ. ಕಡಿದಾದ ದಾರಿ, ನೆತ್ತಿಯಲ್ಲಿ ಮುಂದಕ್ಕೆ ಚಾಚಿದ ಬಂಡೆ. ಅಲ್ಲಿಂದ ಕೆರೆ, ಕಣಿವೆ ಎಲ್ಲ ಕಾಣುತ್ತದಂತೆ. ಆ ಬಂಡೆಯ ಅಂಚಿಗೆ ನಿಂತು ಕೆಳಗೆ ನೋಡಬೇಕು. ಕಾಲು ನಡುಗದಿದ್ದರೆ ಕೆಲಸಕ್ಕೆ ವಾಪಸ್ಸು, ನಡುಗಿದರೆ ಇಲ್ಲ. ಈ ಲೆಕ್ಕಾಚಾರವನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಒಳ್ಳೆ ಗಾಳಿ ಕುಡಿದು ಬರೋಣ ಎಂದಿದ್ದ. ಆಕೆ ಕನ್ನಡಕದ ಅಂಗಡಿಯವಳು. ಕಾಣದ ಅಕ್ಷರವನ್ನು ಕಾಣುತ್ತದೆ ಎನ್ನುವವರನ್ನು ದಿನಬೆಳಗಾದರೆ ನೋಡುವವಳು. ಅವಳಿಗೆ ಎಲ್ಲ ತಿಳಿದಿತ್ತು. ಗಂಡ ಮತ್ತೆ ಹಗ್ಗ ಹಿಡಿಯುವುದು ಸುತರಾಂ ಇಷ್ಟವಿರಲಿಲ್ಲ. ಆದರೆ ತಾನಾಗಿ ಬೇಡ ಅಂದರೆ ಅವನನ್ನು ಪುಕ್ಕಲ ಎಂದಂತಾಗುತ್ತದೆಂದು ಬಾಯಿ ಕಟ್ಟಿಕೊಂಡಿದ್ದಳು.

“ಸರಿ, ನಾಳೆ ಪ್ಲಾನೇನು, ಹೇಳಿ ನೋಡೋಣ.”

ಅವನು ಇದಕ್ಕೇ ಕಾದಿದ್ದನೋ ಏನೋ. ಅಡುಗೆಮನೆಯಿಂದ ದೊಡ್ಡ ಪಾತ್ರೆ ತಂದು ಮೇಜಿನ ಮೇಲೆ ಬೋರಲು ಹಾಕಿದ. ಅದರ ಮೇಲೊಂದು ಟವೆಲ್ಲು ಹೊದಿಸಿ, ಅಲ್ಲಲ್ಲಿ ಚಿವುಟಿ ಮಡಿಕೆ ಮಾಡಿದ. ಅವಳ ಹೊಲಿಗೆ ಡಬ್ಬಿಯಿಂದ ಎರಡು ಗುಂಡಿ ತೆಗೆದು ನೆತ್ತಿಯ ಮೇಲಿಟ್ಟ.

“ಇದು ನೀನು, ಇದು ನಾನು. ಇಲ್ಲಿಂದ ಶುರು. ಮೊದಲು ಬಲಕ್ಕೆ ತಿರುಗೋದು, ಅಲ್ಲಿ ಮಣ್ಣು ಜಾರುತ್ತಂತೆ, ಕೂತ್ಕೊಂಡೇ ಇಳೀಬೇಕು. ಈ ಮಡಿಕೆ ಹತ್ರ ನೀರು ಕುಡಿಯೋದು. ಆಮೇಲೆ ಕಬ್ಬಿಣದ ಸರಪಳಿ ಇದೆ, ನಾನು ಮುಂದೆ, ನೀನು ಹಿಂದೆ. ಇಲ್ಲೊಂದು ಮರ, ಅಲ್ಲೇ ಊಟ. ಬೆಳಕಿರೋವಾಗ್ಲೇ ಕೆಳಗೆ ಮುಟ್ಟಿರ್ತೀವಿ.”

ಗುಂಡಿಗಳೆರಡೂ ಮೇಜು ಸೇರಿದವು. ಹೆಂಡತಿ ಅವುಗಳನ್ನು ನೋಡಿದಳು, ಗಂಡನನ್ನು ನೋಡಿದಳು.

“ಎಲ್ಲಾ ಚೆನ್ನಾಗಿದೆ. ಹತ್ತೋದು ಯಾವಾಗ?”

ಇಷ್ಟು ವರ್ಷ ಲಿಫ್ಟಿನಲ್ಲಿ ತಾರಸಿಗೆ ಹೋಗಿ ಅಲ್ಲಿಂದ ಕೆಲಸ ಶುರು ಮಾಡಿದವನು ಅವನು. ವಾರವಿಡೀ ತಲೆ ಕೆಡಿಸಿಕೊಂಡು ಹಾಕಿದ ಯೋಜನೆಯಲ್ಲಿ ಬೆಟ್ಟ ಹತ್ತುವುದೇ ಇರಲಿಲ್ಲ. ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವನೂ ನಗಲು ಹೋದ, ಆಗಲಿಲ್ಲ.

“ಮೇಲೆ ಹೋದ್ಮೇಲೆ ಇಳಿಯೋಕಾಗದಿದ್ರೆ ಏನ್ಮಾಡೋದು ಅಂತ ಅದೊಂದೇ ಯೋಚ್ನೆ ಕಣೇ. ಬೇರೇನೂ ತಲೆಗೇ ಬರ್ಲಿಲ್ಲ.”

“ಅರ್ಧಕ್ಕೇ ಸಾಕು ಅನ್ಸಿದ್ರೆ ಅಲ್ಲಿಂದ್ಲೇ ವಾಪಸ್ ಬರೋಣ. ಯಾರ್ರೀ ಕೇಳ್ತಾರೆ?”

“ಅರ್ಧದಿಂದ ಬರಬಹುದಾ?”

ತಮಾಷೆಗಲ್ಲ, ನಿಜವಾಗಿಯೂ ಕೇಳಿದ. ಹಗ್ಗದ ಕೆಲಸದಲ್ಲಿ ತಾರಸಿಯ ಗೋಡೆ ದಾಟಿದರೆ ಮುಗಿಯಿತು, ಮುಂದೆ ನೆಲವೇ ಗತಿ. ಬೆಟ್ಟದಲ್ಲಿ ಹಾಗಿಲ್ಲ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಮಧ್ಯಾಹ್ನದಿಂದ ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕೂತ.

“ನಂಗೆ ಭಯ ಆಗ್ತಿದೆ. ಸೋಮವಾರ ಹೋಗೋಕೆ ನನ್ನ ಕೈಲಾಗಲ್ಲ.”

“ಹೋಗ್ಬೇಡಿ” ಎಂದಳು. ಎಷ್ಟೋ ದಿನದಿಂದ ನಾಲಗೆಯ ತುದಿಯಲ್ಲಿದ್ದ ಮಾತು. ಹೇಳಿದ್ದೇ ತಡ, ಅಳು ಬಂತು.

ಅವನು ಮತ್ತೆ ಎದ್ದ. ಈಗ ಕಾಡಿದ್ದು ಗಂಟಣ್ಣ. ಪಕ್ಕದ ಹಗ್ಗಕ್ಕೆ ಯಾರೋ ಗುರುತಿಲ್ಲದವನು ಬಂದರೆ ಅವನ ಗತಿಯೇನು? ಗೆಳೆಯನನ್ನು ನಡುನೀರಿನಲ್ಲಿ ಕೈಬಿಟ್ಟಂತಲ್ಲವೇ? ಫೋನ್ ಹಿಡಿದು ಬಾಲ್ಕನಿಯ ಬಾಗಿಲಿಗೂ ಅಡುಗೆಮನೆಗೂ ಮತ್ತಷ್ಟು ಸುತ್ತು ಹಾಕಿ, ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಕರೆ ಮಾಡಿದ.

“ಗಂಟಣ್ಣ, ಸೊಂಟನೋವು ಅಂದಿದ್ದು ಸುಳ್ಳು ಕಣೋ. ನಂಗೆ ಹೆದರಿಕೆ. ಸೋಮವಾರ ನಾನು ಬರಲ್ಲ. ನಿನ್ನೊಬ್ಬನ್ನೇ ಬಿಟ್ಟು ಹೋಗ್ತಿದ್ದೀನಿ ಅಂತ ಬೇಜಾರು ಮಾಡ್ಕೋಬೇಡ.”



“ಅವತ್ತು ನೀನು ಕಣ್ಣು ಮುಚ್ಕೊಂಡು ಬಿದ್ದೆ” ಎಂದ ಗಂಟಣ್ಣ. “ನಾನು ಕಣ್ಣು ಬಿಟ್ಕೊಂಡು ನೋಡಿದೆ. ಅವತ್ತಿಂದ ನಾನೂ ಗೋಡೆ ದಾಟಿಲ್ಲ ಕಣೋ. ತಾರಸಿ ಮೇಲೆ ಹಗ್ಗ ಸುತ್ತಿಡ್ತಾ ದಿನ ತಳ್ತಿದ್ದೀನಿ. ಸೋಮವಾರ ನೀನು ಬಂದ್ರೆ ನಾನೂ ಇಳೀಲೇಬೇಕಲ್ಲ ಅಂತ ನಿದ್ದೆ ಇಲ್ಲ ನಂಗೆ.”

ಗಾಜಿನವನು ಮತ್ತೆ ಕುರ್ಚಿಗೆ ಬಂದು ಕೂತ.

“ಇಷ್ಟು ದಿನ ಹೇಳೋಕೆ ಏನಾಗಿತ್ತು ನಿಂಗೆ?”

“ಹೇಳಿದ್ರೆ, ನಂಗೆ ಧೈರ್ಯ ಕೊಡೋಕೆ ಅಂತ ನೀನು ಬಂದ್ಬಿಡ್ತಿದ್ದೆ.”